ಕುಂಕುಮ ಹತ್ತಿದ ಬೋಲ್ಟು

ಸುಳ್ಳು ಕೇಳಿದರೆ ಕಬ್ಬಿಣ ಬಿಗಿಯುತ್ತದೆಂಬುದು ಮಕ್ಕಳಿಗೂ ಗೊತ್ತಿದ್ದ ಮಾತು. ಬಾಗಿಲ ಚಿಲಕ ಸಿಕ್ಕಿಕೊಂಡರೆ ಯಾರೂ ಎಣ್ಣೆ ಹುಡುಕುತ್ತಿರಲಿಲ್ಲ, ಮನೆಯವರ ಮುಖ ನೋಡುತ್ತಿದ್ದರು.

ಹಾಗಾಗಿ ಕಾನ್‌ಸ್ಟೆಬಲ್ ಗುರುಸಿದ್ಧನ ಕಾರ್ಬೈನಿನಲ್ಲಿ ಗುಂಡನ್ನು ನಳಿಗೆಗೆ ತಳ್ಳುವ ಬೋಲ್ಟನ್ನು ಹಿಂದೆಳೆಯುವ ಹಿಡಿಕೆ ಸಿಕ್ಕಿಕೊಂಡಾಗ, ಪೊಲೀಸ್ ಶಸ್ತ್ರಾಗಾರ ನೋಡಿಕೊಳ್ಳುವ ಮಹಾನಂದಾ ಬಂದೂಕನ್ನು ಬಿಚ್ಚಲೇ ಇಲ್ಲ. ಎಲ್ಲರೆದುರೇ ಗದರಿದಳು: “ಇದರ ಮುಂದ ಏನ್ ಸುಳ್ಳು ಹೇಳೀಯೋ? ಬಾಯಿ ಬಿಡು.”

ಅವನು ಬೆವೆತುಹೋದ. “ಹೆಂಡ್ತಿ ತವರಿಗೆ ಹೋಗ್ಯಾಳ ಅಂದಿದ್ದೆ ಮೇಡಮ್ಮರ. ಖರೇ ಅಂದ್ರ, ಬಿಟ್ಟು ಹೋಗ್ಯಾಳ್ರಿ.”

ಯಾರೋ ಕಿಸಕ್ಕೆಂದರು. ಹಿಡಿಕೆ ಮಾತ್ರ ಅಲುಗಲಿಲ್ಲ.

“ಇನ್ನೂ ಅದ. ಹೇಳು.”

“ಇನ್ನೇನೂ ಇಲ್ರಿ,” ಎಂದವನ ಕಣ್ಣು ತುಂಬಿತ್ತು.

ಬೇರೆ ದಾರಿ ಕಾಣದೆ ಅವಳು ಕಾರ್ಬೈನನ್ನು ಬಿಚ್ಚಿದಳು. ಬೋಲ್ಟಿನ ಸಂದಿಯಲ್ಲಿ ಕುಂಕುಮ ಮೆತ್ತಿತ್ತು. ಬೋಲ್ಟಿನ ಮೇಲಿದ್ದ ನಂಬರು ಪಕ್ಕದ ಕಾರ್ಬೈನಿನದು. ಆಯುಧಪೂಜೆಗೆಂದು ಬೋಲ್ಟುಗಳನ್ನೆಲ್ಲ ಒಂದೇ ತಟ್ಟೆಯಲ್ಲಿಟ್ಟು ಕುಂಕುಮ ಹಚ್ಚಿದವಳು, ಮತ್ತೆ ಕೂರಿಸಿದವಳು ಅವಳೇ. ಅದಲುಬದಲಾಗಿತ್ತು, ಅಷ್ಟೇ. ಅವನ ಸುಳ್ಳಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಮಹಾನಂದಾಳ ಕಿವಿ ಬಿಸಿಯಾದವು. ಮರೆಯಲ್ಲಿ ಸರಿಯಾದ ಬೋಲ್ಟು ಹಾಕಿದಳು. ಹಿಡಿಕೆ ಬೆಣ್ಣೆಯಂತೆ ಸರಿಯಿತು.

ಗುರುಸಿದ್ಧ ತಲೆಯೆತ್ತದೆ ಕೇಳಿದ: “ನನ್ನಿಂದನ ಆಗಿತ್ತೇನ್ರಿ?”

“ಹೌದಪಾ,” ಎಂದಳು. “ನೀ ಖರೇ ಹೇಳಿದ್ದಕ್ಕ ಬಿಡ್ತು.”

ಗೋಡೆಗೆ ಸಾಲಾಗಿ ನಿಂತಿದ್ದ ಕಾರ್ಬೈನುಗಳು ಒಂದಾದ ಮೇಲೊಂದು ಕಟ್, ಕಟ್ ಎಂದು ಬಿಗಿದುಕೊಂಡವು. ಎಲ್ಲರೂ ಅವಳತ್ತ ತಿರುಗಿದರು. ಈ ಸಲ ಯಾರೂ ಕಿಸಕ್ಕೆನ್ನಲಿಲ್ಲ.