ಸಿಡಿಲಕ್ಕನ ಕೊನೆಯ ಮಾತು

ಕಾಮಿಕ್ಸಿನ ಸಿಡಿಲಕ್ಕ ಬೆಟ್ಟವನ್ನು ಬೆಲ್ಲದಚ್ಚಿನಂತೆ ಅಂಗೈಯಲ್ಲಿ ಎತ್ತುವವಳು. ಮನೆ ಬಿಟ್ಟು ಬಂದ ಮೇಲೆ ಹನ್ನೊಂದು ವರ್ಷ ಲೇಖಕಿ ಆ ಕಾಮಿಕ್ಸ್ ಬರೆದಿದ್ದು ಒಂದೇ ಆಸೆಗೆ: ಸಿಡಿಲಕ್ಕ ಒಂದು ದಿನ ರಕ್ಕಸನೆದುರು ನಿಂತು, "ಇನ್ನು ನಿನಗೆ ಹೆದರಲ್ಲ ಕಣೋ" ಅನ್ನಬೇಕು. ಈಗ ಅದು ದೊಡ್ಡವರು ನೋಡುವ ಆ್ಯನಿಮೇಷನ್ ಸರಣಿಯಾಗಿತ್ತು. ಸಿಡಿಲಕ್ಕನಿಗೆ ಲೇಖಕಿಯದೇ ದನಿ. ಇವತ್ತು ಆ ಒಂದು ಮಾತು ಹೇಳಿಬಿಟ್ಟರೆ ಡಬ್ಬಿಂಗ್ ಮುಗಿಯಿತು.

"ರಕ್ಕಸನಿಗೆ ಎಂಥ ದನಿ ಸಿಕ್ಕಿದೆ ಗೊತ್ತೇನಮ್ಮಾ!" ನಿರ್ದೇಶಕ ಕುಣಿದಾಡುತ್ತಿದ್ದ. "ನಾಟಕದ ಹಳೇ ಹುಲಿ. ನಿನ್ನೆ ಕೇಳಿ ನನಗೇ ನಡುಕ ಬಂತು."

"ಕರೀರಿ ಸರ್, ಆ ಹುಲೀನ ನಾನೂ ನೋಡೇಬಿಡ್ತೀನಿ," ಎಂದು ನಕ್ಕು ಅವಳು ಹೆಡ್‌ಫೋನ್ ಹಾಕಿಕೊಂಡಳು.

ಪಕ್ಕದ ಮೈಕಿಗೆ ಮುದುಕನೊಬ್ಬ ಬಂದು ನಿಂತ. ಕೈಲಿದ್ದ ಹಾಳೆಯತ್ತ ಕಣ್ಣು ಹಾಯಿಸಲೇ ಇಲ್ಲ, ಅವಳನ್ನೇ ನೋಡಿದ.

"ತಲೆ ತಗ್ಗಿಸೇ. ಬೆಲ್ಟ್ ಎಲ್ಲಿಟ್ಟಿದೀಯ?"

"ಇದು ಸ್ಕ್ರಿಪ್ಟಲ್ಲೇ ಇಲ್ಲ, ಆದ್ರೂ ಸೂಪರ್!" ಗಾಜಿನಾಚೆಯಿಂದ ನಿರ್ದೇಶಕ ಕೂಗಿದ. "ಹೂಂ, ಸಿಡಿಲಕ್ಕಾ, ಈಗ ನಿನ್ನ ಮಾತು!"

ಅವಳ ತಲೆ ತಾನಾಗಿ ತಗ್ಗಿತು.

"ತಪ್ಪಾಯ್ತು ಅಪ್ಪಾ... ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದೀನಿ, ತರ್ತೀನಿ."