ಬಿಳಿ ಬೆಂಡೆಯ ಬೀಜ

ಸುತ್ತ ಹತ್ತೂರಲ್ಲಿ ಆ ಬಿಳಿ ಬೆಂಡೆ ಇದ್ದದ್ದು ದೇವೀರಿಯ ತವರಿನ ಹಿತ್ತಲಲ್ಲಿ ಮಾತ್ರ. ಗೇಣುದ್ದ ಬೆಳೆದರೂ ನಾರಾಗದ ಕಾಯಿ. ಯಾರು ಬಂದು ಅಂಗಲಾಚಿದರೂ ಅವಳವ್ವ ಒಂದೇ ಒಂದು ಬೀಜ ಕೊಟ್ಟವಳಲ್ಲ. ಮದುವೆಯಾಗಿ ಹೋದ ಮಗಳಿಗೆ ಮಾತ್ರ ಪ್ರತಿ ಯುಗಾದಿಗೂ ಒಂದು ಹಿಡಿ ಬೀಜವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಸೊಸೆಯ ಕೈಲಿ ಕೊಡಿಸುತ್ತಿದ್ದಳು.

ಏಳು ವರ್ಷವಾದರೂ ಒಂದು ಬೀಜವೂ ಮೊಳೆಯಲಿಲ್ಲ. ದೇವೀರಿಯ ಕೈಗುಣವೇ ಕೆಟ್ಟದ್ದೆಂದು ಗಂಡನ ಮನೆಯವರು ಬಿತ್ತನೆಯ ದಿನ ಅವಳನ್ನು ಹೊಲದತ್ತ ಸುಳಿಯಗೊಡುತ್ತಿರಲಿಲ್ಲ.

"ಬೀಜದಾಗೆ ಐಬಿಲ್ಲ ಕಣವ್ವ. ಬೆಂಡೆ ಎಲ್ಲಾರ ಕೈಗೂ ಒಗ್ಗಾಕಿಲ್ಲ," ಎಂದು ಅವ್ವನೂ ತಲೆ ಸವರಿದ್ದಳು.

ಈ ಸಲ ಗಂಟು ಬಿಚ್ಚಿದರೆ ಒಂದೆರಡು ಬೀಜ ಸೀದು ಸಿಡಿದಿದ್ದವು. ಮೂಸಿ ನೋಡಿದಳು, ಹುರಿದ ವಾಸನೆ. ದೇವೀರಿಗೆ ಮೈಯೆಲ್ಲ ಉರಿದುಹೋಯಿತು. ಗಂಟು ತಂದುಕೊಟ್ಟವಳು ಅತ್ತಿಗೆ ತಾನೆ! ಸೀದಾ ತವರಿಗೆ ಹೋಗಿ, ಹಿತ್ತಲ ಬಾವಿಯ ಹತ್ತಿರ ಅವಳನ್ನು ತಡೆದು ನಿಲ್ಲಿಸಿದಳು.

"ಹುರಿದ ಬೀಜ ಕೊಟ್ಟು ನನ್ನ ಬಾಳಿಗೆ ಬೆಂಕಿ ಇಟ್ಯಲ್ಲ ಅತ್ತಿಗೆ! ನಾನೇನು ಮಾಡಿದ್ದೆ ನಿಂಗೆ?"

ಅತ್ತಿಗೆ ಮನೆಯ ಬಾಗಿಲತ್ತ ಒಮ್ಮೆ ನೋಡಿದಳು. ಆಮೇಲೆ ಬಾವಿಕಟ್ಟೆಯ ಕಲ್ಲುಸಂದಿಗೆ ಕೈಹಾಕಿ, ಚಿಂದಿಯ ಪುಟ್ಟ ಗಂಟೊಂದನ್ನು ತೆಗೆದು ದೇವೀರಿಯ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

"ಇದ ಬಿತ್ತು ಕಣವ್ವ, ಇದು ಹುರಿದಿದ್ದಲ್ಲ. ನಿಂಗೆ ಅಂತ ಕದ್ದು ಮಡಗಿದ್ದೆ. ನಿಮ್ಮವ್ವಂಗೆ ಮಾತ್ರ ಗೊತ್ತಾಗ್ಬಾರ್ದು."