ತಪ್ಪಿದ ಸಮ್

ಗೋಡೆಗಳಿಗೆ ಕಿವಿ ಬಂದು ಮೂರು ತಲೆಮಾರು ಕಳೆದಿತ್ತು. ಕೇಳಿ ಕೇಳಿ ಜ್ಞಾನ ಬಂದ ಕಟ್ಟಡವನ್ನು ಕೆಡವಬಾರದೆಂದು ಕಾಯ್ದೆಯೇ ಇತ್ತು. ಧಾರವಾಡದ ಅರಳಿಕಟ್ಟಿ ಹಾಲ್‌ಗೆ ಆ ಜ್ಞಾನವಿದೆಯೆಂದು ತಬಲಾ ಮೌಲಾಸಾಬರು ಆರು ವರ್ಷ ಕಚೇರಿ ಕಚೇರಿ ಅಲೆದಿದ್ದರು. ಇವತ್ತು ಪರೀಕ್ಷೆ. ಬುಲ್ಡೋಜರ್ ಹೊರಗೇ ಕಾಯುತ್ತಿತ್ತು.

ಅವರು ನುಡಿಸಿದ್ದಕ್ಕೆಲ್ಲ ಹಾಲ್ "ವಾಹ್" ಎಂದಿತು. ಅಧಿಕಾರಿ ಕಾಮತ್ ಮೇಡಂ ಅಡ್ಡಡ್ಡ ತಲೆಯಾಡಿಸಿದರು.

"ವಾಹ್ ಅನ್ನೂದು ನಮ್ಮ ಆಫೀಸಿನ ಗ್ವಾಡಿಗೂ ಬರ್ತದ ಬಿಡ್ರಿ. ಸಾಹೇಬ್ರು ಏನಂದ್ರೂ ಅಂತಾವು. ಇದಕ್ಕ ಖರೇನ ತಿಳೀತದ ಅನ್ನೂದಕ್ಕ ಪುರಾವೆ ಏನು?"

ಮೌಲಾಸಾಬರು ತಬಲಾ ಹತ್ತಿರಕ್ಕೆ ಎಳೆದುಕೊಂಡರು. ತಾಳದ ಸುತ್ತು ಮುಗಿದು ಮೊದಲ ಪೆಟ್ಟಿಗೆ ಮರಳುವ ಗಳಿಗೆಯೇ ಸಮ್. ಐವತ್ತು ವರ್ಷದಲ್ಲಿ ಅದನ್ನು ಅವರು ಒಮ್ಮೆಯೂ ತಪ್ಪಿರಲಿಲ್ಲ. ಅವರ ಸಮ್ಮಿಗೆ ಗಡಿಯಾರ ತಿದ್ದಿಕೊಳ್ಳಬಹುದು ಎನ್ನುತ್ತಿದ್ದ ಊರೇ ಈಗ ಎದುರಿಗೆ ಕೂತಿತ್ತು.

ಕಣ್ಣು ಮುಚ್ಚಿ ಹದಿನಾರು ಮಾತ್ರೆಯ ತೀನತಾಲ ಎತ್ತಿಕೊಂಡರು. ಸುತ್ತಿ ಸುತ್ತಿ ಬಂದು, ಬೇಕೆಂದೇ ಅರ್ಧ ಮಾತ್ರೆ ತಡವಾಗಿ ಸಮ್ಮಿನ ಮೇಲೆ ಬಿದ್ದರು.

ಜನ ಉಸಿರೆತ್ತದೆ ನೆಲ ನೋಡಿದರು. ಹಾಲ್ ಮಾತ್ರ ತೊಲೆಯಿಂದ ಅಡಿಪಾಯದವರೆಗೆ, ನೂರು ವರ್ಷದ ರಸಿಕರೆಲ್ಲ ಒಟ್ಟಿಗೆ ಕೂತಂತೆ, "ಚ್ಚ್ ಚ್ಚ್" ಎಂದು ಲೊಚಗುಟ್ಟಿತು.

ಕಾಮತ್ ಮೇಡಂ ಪೆನ್ನು ತೆಗೆದರು. "ಉಳೀತ್ರಿ ನಿಮ್ಮ ಹಾಲ್."

ಮೌಲಾಸಾಬರು ಎದೆಯುಬ್ಬಿಸಿ ಗೋಡೆಯ ಕಡೆ ಕೈ ತೋರಿಸಿದರು.

"ಊರ ಮಂದಿ ನನ್ನ ಮಾರಿ ನೋಡಿ ತಪ್ಪು ಬಿಟ್ಟುಬಿಟ್ರು. ಅದು ಬಿಡಲಿಲ್ಲ ನೋಡ್ರಿ!"